ಕಮ್ ಅಂದ್ರ ಬಾ ಅಲ್ಲ

ಸಾಲ್ಯಾಗ ಕಲತ ಇಂಗ್ಲಿಷ್ ಮೊದಲ ಮರೀಬೇಕಾತು.
ಕಮ್ ಅಂದ್ರ ಬಾ ಅಲ್ಲ,
ನನ್ನ ಹತ್ರ ಐತಿ, ಅಂತ.
ಬಾದಾಮಿಯ ಕೆಂಪಗಲ್ಲು ಇನ್ನಾ ತಣ್ಣಗಿದ್ದ ಹೊತ್ತಿನ್ಯಾಗ
ಬೂಟಿನ ದಾರ ಬಿಗಕೋತ ಹೇಳಿದ್ಲು ವ್ಯೋಲ್ತ್ಸಾ,
ಅಲ್ಬೇನಿಯಾದಿಂದ ಕಲ್ಲು ಏರಾಕಂತ ಬಂದಾಕಿ.
ಕೆರಿ ದಂಡಿ ಮ್ಯಾಲ ಅರಿವಿ ಒಗಿಯೂ ಸಪ್ಪಳ
ಗುಡ್ಡಕ್ಕ ಬಡದು ಎರಡೆರಡ ಸಲ ಕೇಳತಿತ್ತು.

ಆ ಹೆಸರು ನಮ್ಮ ಆಯಿ ಬಾಯಾಗ ಕೂಡಲಿಲ್ಲ.
ಒಲ್ಲಕ್ಕಾ ಅಂದ್ಲು.
ಒಲ್ಲಕ್ಕಾ, ಇನ್ನೊಂದ ರೊಟ್ಟಿ ಹಾಕ್ಲಿ?
ಒಂದ ದಿನಾನೂ ಒಲ್ಲೆ ಅನ್ನಲಿಲ್ಲ ಒಲ್ಲಕ್ಕ.

ಕಮ್ ಉರಿ, ಅಂದಿದ್ಲು ಮೊದಲನೇ ದಿನ,
ಹೊಟ್ಟಿ ಮ್ಯಾಲ ಕೈ ಇಟ್ಟು.
ನನಗ ಹಸಿವು ಐತಿ ಅಂತ ಅದರರ್ಥ.
ನಾ ಅರ್ಥ ಕೇಳೂದ್ರಾಗ
ಆಯಿ ರೊಟ್ಟಿ ಮುರದು ಮಜ್ಜಿಗ್ಯಾಗ ನೆನಿ ಹಾಕಿದ್ಲು:
ಹೊಟ್ಟ್ಯಾಗ ಉರಿ ಅಂದಮ್ಯಾಲ ಇನ್ನೇನ ಕೇಳ್ತಿ, ಖೋಡಿ?

ಕಮ್, ಕೆ, ಕ.
ಕೆಮಿ, ಕೆನಿ, ಕನ್.
ಹಗ್ಗ ಸುತ್ತಕೋತ ಬಾಯಿಪಾಠ ಮಾಡಿದೆ.
ಕ ಅಂದ್ರ ಅವನ ಹತ್ರ ಐತಿ.
ಕ ಅಂದ್ರ ಸುಮ್ಮನ ಐತಿ, ಯಾರದೂ ಅಲ್ಲ.
ಕ ಅಂದ್ರ ಎತ್ತೂ ಹೌದಂತ!
ಕ ಕ: ಅವಗ ಎತ್ತು ಐತಿ.
ನೀರಿನ ಟಾಕಿ ಮ್ಯಾಲಿನ ಕಾಗಿ ಇದನ್ನ ಕೇಳಿ
ತನ್ನ ಎತ್ತಿನ ಲೆಕ್ಕಾನೂ ಒಪ್ಪಿಸ್ತು.
ಸ್ಕ ಅಂದ್ರ ಇಲ್ಲ.
ನಮ್ಮ ನಳದಾಗ ಸ್ಕ. ಎಂಟ ದಿನಕ್ಕೊಮ್ಮೆ ಕ.

ನಿಮ್ಮದ್ರಾಗ ಕಮ್‌ಗೆ ಏನಂತೀರಿ, ಕೇಳಿದ್ಲು.
ಅಲ್ಲೆ ಸಿಕ್ಕೊಂಡೆ.
ನಮಗ ಆ ಕ್ರಿಯಾಪದನ ಇಲ್ಲ.
ರೊಕ್ಕ ನನ್ನ ಹತ್ರ ಇರತೈತಿ, ತನ್ನಷ್ಟಕ್ಕ ತಾ.
ತಂಗಿ ನನಗ ಅದಾಳ. ಜ್ವರ ನನಗ ಬಂದಾವ.
ಎಲ್ಲಾ ತಾವಾ ಬರತಾವ, ಇರತಾವ, ಹೊಕ್ಕಾವ,
ನಾ ಬರೇ ಅವು ಇಳಿಯೂ ಬಸ್‌ಸ್ಟ್ಯಾಂಡ.
ಹಂಗಾರ ನಿಮ್ಮೂರಾಗ ಕಳ್ಳರು ಏನ ಕದೀತಾರ?
ಅಂತ ಅಕಿ ನಗೂದ್ರಾಗ
ಬಾಳಿಹಣ್ಣಿನ ಚೀಲ ಮಂಗ್ಯಾನ ಹತ್ರ ಇತ್ತು.

ಭೂತಕಾಲ ಕಿಶಾ.
ಇದು ಸಸಾರ, ನಮ್ಮ ಕಿಸೆ ಇದ್ದಂಗ ಐತಿ ಅಂದೆ,
ಅಂಗಿ ಕಿಸೆ ಹೊರಗ ಜಗ್ಗಿ ತೋರಿಸಿದೆ, ಖಾಲಿ: ಕಿಶಾ!
ಅಕಿ ನಗಲಿಲ್ಲ.
ಕಿಶಾ ನ್ಯ ವಲಾ, ಅಂದ್ಲು,
ಕಟ್ಟಿದ ಗಂಟನ್ನ ಇನ್ನೊಮ್ಮೆ ಜಗ್ಗಿ ನೋಡಿ.
ನ್ಯ ಅಂದ್ರ ಒಂದು. ವಲಾ ಗೊತ್ತಿರಲಿಲ್ಲ.
ಆದ್ರ ಹಗ್ಗದ ತುದಿ ಟೇಪಿನ ಮ್ಯಾಲ
ಶಾಯಿ ಮಾಸಿದ ಹೆಸರು ಅಕೀದಲ್ಲಂತ
ಮೊದಲನೇ ದಿನನ ಓದಿದ್ದೆ.
ವಲಾ ಅಂದ್ರೇನು ಅಂತ ಕೇಳಲಿಲ್ಲ.

ಆಮ್ಯಾಲ ನಾ ಏರಿದೆ.
ನಾಕನೇ ಬೋಲ್ಟ್ ದಾಟಿದ್ದೆ.
ಬೆರಳಿಗೆ ಹತ್ತಿದ್ದ ಚೂರು ಸಕ್ಕರಿಹಂಗ ಉದುರಿತು,
ಕೈಯಾಗ ಏನೂ ಸ್ಕ.
ಕೆಳಗಿಂದ ಕೂಗು: ತ ಕಮ್!
ನೀ ನನ್ನ ಹತ್ರ ಅದಿ, ಅಂತ.
ಬಿಡಿಸಿ ನೋಡಾಕ ಪುರಸೊತ್ತಿರಲಿಲ್ಲ,
ಕರ್ತೃ ಕೆಳಗ, ಕರ್ಮ ನಾನು, ಗಾಳ್ಯಾಗ,
ನಡುವ ಕ್ರಿಯಾಪದ ಸೊಂಟಕ್ಕ ಬಿಗೀತು.
ಮೊಣಕಾಲ ತರಚಿತ್ತು. ಅಷ್ಟ.

ಮರುದಿನ ಅಕಿ ಜಾರಿದ್ಲು, ಹಗ್ಗ ನನ್ನ ಕೈಯಾಗ.
ಎರಡ ವಾರ ಬಾಯಿಪಾಠ ಮಾಡಿದ್ದು
ಬೇಕಾದ ಹೊತ್ತಿಗೆ ಬಾಯಿಗೆ ಬರಲಿಲ್ಲ.
ನಾ ಅದೀನಿ! ಅಂತ ಒದರಿದೆ.
ನೇತಾಡಕೋತನ ಕೇಳಿದ್ಲು, ಅದ್ಯಾವ ಕ್ರಿಯಾಪದ?
ಇರೂದು, ಅಂದೆ. ನಾನು, ಇಲ್ಲೆ, ಇರೂದು.
ಗೊತ್ತಾತು, ಯಮ್! ಅಂದ್ಲು ಮ್ಯಾಲಿಂದ.
ನಾ ಅದೀನಿ ಅನ್ನಾಕ ಅವರು ಹಂಗ ಅಂತಾರಂತ.
ಹಗ್ಗ ಇನ್ನೊಂದ ಗೇಣು ಜಗ್ಗಿ ಹಿಡದೆ.
ಆ ಹೆಸರು ಅಲ್ಲಿ ತಗೀಬ್ಯಾಡ, ತಾಯಿ.
ಆ ಪಾಠ ಇಳದ ಮ್ಯಾಲ.